ಕಿವಿ ಗುರುತು

ಅಂದು ಬೆಳಿಗ್ಗೆ ನನ್ನ ಮೆಷಿನ್ನಿನ ಮೇಲೆ ಹಾಕಿದ ಪ್ಯಾಂಟಿನಲ್ಲಿ ನಮ್ಮ ಕುರಿಯ ಕಿವಿ ಇತ್ತು.

ಬಲಜೇಬಿನ ಅಂಚು. ಕಿತ್ತಳೆ ಬಣ್ಣದ ದಪ್ಪ ದಾರ. ಎಲೆಯಾಕಾರದ ಕಿವಿ, ಅದರ ತುದಿಯಲ್ಲೊಂದು ಕಚ್ಚು, ಹಿಂಬದಿಗೊಂದು ಸೀಳು.

ರಾಯದುರ್ಗದ ಆ ಜೀನ್ಸ್ ಹೊಲಿಯುವ ಯೂನಿಟ್ಟಿನ ಮಾಲೀಕ ಗಂಗಾಧರಪ್ಪ ಬೆರಳಿಟ್ಟು ತೋರಿಸಿದ. "ಹೊಸ ಆರ್ಡರಿನ ಸ್ಯಾಂಪಲ್ ನೋಡವ್ವಾ. ಈ ಡಿಜೈನು ಹಿಂಗ ಬರಬೇಕು. ಒಂದು ಎಳಿ ಹೆಚ್ಚುಕಡಿಮಿ ಆದ್ರೂ ಕಂಪನಿಯವರು ಬಂಡಲ್ ವಾಪಸ್ ಒಗೀತಾರ."

ನಾನು ತಲೆಯಾಡಿಸಿದೆ. ನಾನು ಮಾತಾಡುವವಳಲ್ಲ. ಹೆಸರು ವಾಣಿಶ್ರೀ. ಯೂನಿಟ್ಟಿನಲ್ಲಿ ಅದೊಂದು ನಗೆಚಾಟಿಕೆ. ಪಕ್ಕದ ಮೆಷಿನ್ನಿನ ತಿಪ್ಪಕ್ಕ ಹೊಸಬರು ಬಂದಾಗಲೆಲ್ಲ ಹೇಳುತ್ತಿದ್ದಳು: "ಹೆಸರು ಸಿನಿಮಾದಾಕಿದು. ಮಾತು ಮಾತ್ರ ಮೂಕಿ ಸಿನಿಮಾ. ಮಡಕಶಿರಾದಿಂದ ಬರೂವಾಗ ನಾಲಿಗಿ ಬಸ್ಸಿನಾಗ ಬಿಟ್ಟು ಇಳದಾಳ."

ಅವತ್ತು ಮಾತ್ರ ನನಗೆ ಮಾತು ಬೇಕಾಗಿತ್ತು. ಸಿಗಲಿಲ್ಲ.

ನಮ್ಮದು ಅಮರಾಪುರದ ಹತ್ತಿರ ಒಂದು ಹಳ್ಳಿ. ಅಪ್ಪ ಕುರಿ ಕಾಯುವವನು. ಕುರಿಮರಿ ಸ್ವಲ್ಪ ಬಲಿತ ಮೇಲೆ ಅದರ ಕಿವಿಯನ್ನು ಮರದ ತುಂಡಿನ ಮೇಲಿಟ್ಟು ಗುರುತು ಕೊಯ್ಯುತ್ತಾರೆ. ಒಂದೊಂದು ಮನೆಯದು ಒಂದೊಂದು ಗುರುತು. ಬಯಲಲ್ಲಿ ನಾಲ್ಕು ಮನೆಯ ಕುರಿ ಕಲೆತರೂ ಸಂಜೆ ಕಿವಿ ಮುಟ್ಟಿ ಬೇರೆ ಮಾಡುತ್ತಾರೆ. ನಮ್ಮದು ಬಲಗಿವಿ. ತುದಿಗೆ ಕಚ್ಚು, ಹಿಂದಕ್ಕೆ ಸೀಳು. ಅಜ್ಜನ ಅಪ್ಪನ ಕಾಲದಿಂದಲೂ ಅದೇ.

ಕುರಿ ಕದ್ದವನು ಮೊದಲು ಮಾಡುವ ಕೆಲಸ ಕಿವಿ ಕತ್ತರಿಸುವುದು. ನಾನು ಚಿಕ್ಕವಳಿದ್ದಾಗ ನಮ್ಮದೊಂದು ಕುರಿ ಕಳೆದು, ಕೊನೆಗೆ ಮಡಕಶಿರಾ ಸಂತೆಯಲ್ಲಿ ಸಿಕ್ಕಿತು. ಎರಡೂ ಕಿವಿ ಬುಡದವರೆಗೆ ಇರಲಿಲ್ಲ. ಗಾಯ ಇನ್ನೂ ಹಸಿ. ಅಪ್ಪ ಕೂಗಿದ ಕೂಡಲೇ ಅದು ಹಗ್ಗ ಜಗ್ಗಿಕೊಂಡು ಓಡಿ ಬಂತು. ಅವನ ಪಂಚೆಗೆ ಮುಖ ಒತ್ತಿತು. ಕಟ್ಟಿದವನು ಕೇಳಿದ: "ನಿಂದಾದ್ರೆ ಗುರುತು ಎಲ್ಲೈತೆ ತೋರ್ಸು." ಸುತ್ತ ನಿಂತವರೂ ಅದನ್ನೇ ಕೇಳಿದರು. ಅಪ್ಪ ಬರಿಗೈಯಲ್ಲಿ ಬಂದ. ಅವನ ಹಿಂದೆ ಆ ಕುರಿ ಕೂಗುತ್ತಲೇ ಇತ್ತು.

ಆ ಕಿವಿಯನ್ನು ಪ್ಯಾಂಟಿಗೆ ತಂದವಳು ನನ್ನ ಅತ್ತೆ ಮೈಲಾರಮ್ಮ. ಅಪ್ಪನ ಅಕ್ಕ. ರಾಯದುರ್ಗಕ್ಕೆ ಮದುವೆಯಾಗಿ ಬಂದವಳು. ಮಾವ ಓಬಳಾಪುರದ ಕಡೆ ಅದಿರು ತುಂಬುವ ಕೂಲಿಗೆ ಹೋಗುತ್ತಿದ್ದ. ಕೆಂಪು ಧೂಳು ಕೆಮ್ಮಿ ಕೆಮ್ಮಿ ಸತ್ತ. ಮಕ್ಕಳಿಲ್ಲ. ಅತ್ತೆ ಜೀನ್ಸ್ ಯೂನಿಟ್ಟುಗಳಲ್ಲಿ ದುಡಿದಳು. ಜೀನ್ಸ್ ಬಟ್ಟೆ ಸೀರೆಯ ಬಟ್ಟೆಯಲ್ಲ. ಬಂಡಲ್ ಎತ್ತಿದರೆ ಸೊಂಟ ಹಿಡಿಯುತ್ತದೆ. ನೀಲಿ ಬಣ್ಣ ಉಗುರಿನೊಳಗೆ ಕೂರುತ್ತದೆ, ಊಟದ ಜೊತೆ ಹೊಟ್ಟೆಗೂ ಹೋಗುತ್ತದೆ. ಸೀನಿದರೆ ಮೂಗಿನಿಂದ ನೀಲಿ ನೂಲು ಬರುತ್ತದೆ. ಏಳನೇ ಕ್ಲಾಸು ಮುಗಿದಾಗ ಹೈಸ್ಕೂಲು ದೂರ, ಬಸ್ಸಿಲ್ಲ ಎಂದು ನನ್ನನ್ನು ಅವಳ ಬಳಿ ಬಿಟ್ಟರು. ನಾನೂ ನೀಲಿಯಾದೆ.

ನಮ್ಮ ಕಡೆಯ ಹುಡುಗಿಯರು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಹಬ್ಬಕ್ಕೆ ಬಂದಾಗ ಅತ್ತೆಯ ಮನೆಯಲ್ಲಿ ಸೇರುತ್ತಿದ್ದರು. ಎಲ್ಲರದೂ ಒಂದೇ ಗೋಳು. ಬಸ್ಸಿನ ನೂಕುನುಗ್ಗಲಲ್ಲಿ ಫೋನು ಹೋಯಿತು, ಸಂಬಳ ಹೋಯಿತು. ಹೆಂಗಸರ ಪ್ಯಾಂಟಿನ ಜೇಬಿನಲ್ಲಿ ನಾಲ್ಕು ಬೆರಳೂ ಹಿಡಿಯುವುದಿಲ್ಲ.

ಅತ್ತೆ ತನ್ನ ಅವ್ವನ ಎಲೆಯಡಿಕೆ ಸಂಚಿಯನ್ನು ಪೆಟ್ಟಿಗೆಯಿಂದ ತೆಗೆದಳು. ಹೊಲಿಗೆ ಬಿಚ್ಚಿ ಅದರ ಮಡಿಕೆಗಳನ್ನು ನೆಲದ ಮೇಲೆ ಹರಡಿ ನೋಡಿದಳು. ಅದೇ ಮಡಿಕೆಯನ್ನು ಪ್ಯಾಂಟಿನ ಬಲಜೇಬಿನೊಳಗೆ ಕೂರಿಸಿದಳು. ತೊಟ್ಟವಳ ಕೈ ಓರೆಯಾಗಿ ಹೋದರೆ ಮಾತ್ರ ಒಳಗಿನ ಸಂಚಿ ಸಿಗುತ್ತದೆ. ಪಕ್ಕದವನ ಕೈಗೆ ಸಿಗುವುದಿಲ್ಲ. ಎಷ್ಟೋ ಪ್ಯಾಂಟು ಕೆಟ್ಟವು. ಕೆಟ್ಟಿದ್ದನ್ನೆಲ್ಲ ನಾನೇ ತೊಟ್ಟು ಬಸ್ ಸ್ಟ್ಯಾಂಡಿನವರೆಗೆ ನಡೆದು ನೋಡಿ ಬರುತ್ತಿದ್ದೆ. ಸರಿಬಂದ ದಿನ ಅವಳು ಹೊರಗಡೆ ಕಿವಿ ಹೊಲಿದಳು.

"ಇದ್ಯಾಕತ್ತೆ?" ಎಂದೆ.

"ನಮ್ಮದು ಅಂತ ಗೊತ್ತಾಗಬ್ಯಾಡೇನು?" ಎಂದಳು.

ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದ ಜಗದೀಶ್ ಅದನ್ನು ಆಪ್‌ಗೆ ಹಾಕಿದ. ಆ ಆಪ್‌ನ ಹೆಸರು ನಾನು ಬರೆಯುವುದಿಲ್ಲ. ನಿಮ್ಮ ಫೋನಿನಲ್ಲಿ ಇದೆ. ನಮ್ಮೂರಲ್ಲಿ ಸೋಪು, ಚಪ್ಪಲಿ, ಔಷಧಿ ಸಿಂಪಡಿಸುವ ಡಬ್ಬಿ, ಎಲ್ಲ ಅದರಲ್ಲೇ ಬರುತ್ತದೆ. ಅದರಲ್ಲಿ ಇಲ್ಲದ ಅಂಗಡಿ ಅಂಗಡಿಯೇ ಅಲ್ಲ ಎನ್ನುವ ಹಾಗಾಗಿದೆ.

ಸಂಚಿ ಪ್ಯಾಂಟು ಓಡಿತು. ಅತ್ತೆ ಮೆಷಿನ್ನು ತಂದಳು, ಆಮೇಲೆ ಇನ್ನೊಂದು. ಪಡಸಾಲೆಯೇ ಶೆಡ್ಡಾಯಿತು. ಯಾವ ಯಾವುದೋ ಊರಿನ ಹುಡುಗಿಯರು ಅದನ್ನು ತೊಟ್ಟು ಫೋಟೋ ಹಾಕುತ್ತಿದ್ದರು. ನಾನು ಫೋನು ಹಿಡಿದು ತೋರಿಸುತ್ತಿದ್ದೆ. ಅತ್ತೆ ಅವರ ಮುಖ ನೋಡುತ್ತಿರಲಿಲ್ಲ. ಎರಡು ಬೆರಳಲ್ಲಿ ದೊಡ್ಡದು ಮಾಡಿಸಿ ಕಿವಿ ನೋಡುತ್ತಿದ್ದಳು. "ಇಲ್ಲೆದಾಳ ನೋಡು ನಮ್ಮಾಕಿ" ಎನ್ನುತ್ತಿದ್ದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಆ ಆಪ್ ನಡೆಸುವ ಕಂಪನಿಯ ಕಡೆಯಿಂದ ಒಬ್ಬ ಬಂದ. ಒಳ್ಳೆಯ ಹುಡುಗ. ಚಪ್ಪಲಿ ಹೊರಗೆ ಬಿಟ್ಟು ಬಂದ. ಅತ್ತೆಯನ್ನು ಅಮ್ಮಾ ಎಂದ. ರೊಟ್ಟಿ, ಶೇಂಗಾ ಚಟ್ನಿ ತಿಂದ. ಚೆನ್ನಾಗಿ ಹೋಗುವ ಮಾಲನ್ನು ಇನ್ನೂ ಮೇಲೆ ತರುತ್ತೇವೆ, ಅದಕ್ಕೆ ಮಾಹಿತಿ ಬೇಕು ಎಂದ. ಅತ್ತೆ ಜೇಬನ್ನು ಒಳಹೊರಗು ಮಾಡಿ ಮಡಿಕೆ ತೋರಿಸಿದಳು. ಅವನು ಫೋಟೋ ತೆಗೆದುಕೊಂಡ. ಕಟಿಂಗಿಗೆ ಇಟ್ಟಿದ್ದ ರಟ್ಟಿನ ಅಳತೆಯ ಮೇಲೂ ಫೋನು ಹಿಡಿದ. ಹೊರಡುವಾಗ ಒಂದು ಪ್ಯಾಂಟು ಕೇಳಿದ. ಅತ್ತೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಳು. ಮನೆಗೆ ಬಂದವರು ಕೇಳಿದರೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ.

ಆಮೇಲೆ ಅದೇ ಆಪ್‌ನಲ್ಲಿ ಕಂಪನಿಯ ಸ್ವಂತ ಬ್ರ್ಯಾಂಡಿನ ಪ್ಯಾಂಟು ಬಂತು. ಒಳಗೆ ಸಂಚಿ. ಬೆಲೆ ನಮ್ಮದಕ್ಕಿಂತ ಕಡಿಮೆ. ಹೆಂಗಸರ ಪ್ಯಾಂಟು ಎಂದು ಹುಡುಕಿದರೆ ಮೊದಲು ಅದೇ. ಎರಡನೆಯದೂ ಅದೇ, ಬೇರೆ ಬಣ್ಣ. ನಮ್ಮದು ಕಾಣಬೇಕಾದರೆ ಬೆರಳು ಸೋಲುವವರೆಗೆ ಕೆಳಗೆ ಹೋಗಬೇಕು. ಬೆಲೆ ಇಳಿಸಿ ಬಳ್ಳಾರಿಯ ಅಂಗಡಿಗಳಿಗೆ ಕೊಡೋಣ ಎಂದು ಜಗದೀಶ್ ನೋಡಿದ. ಬೇರೆ ಕಡೆ ಅಗ್ಗಕ್ಕೆ ಮಾರಿದ್ದೀರಿ ಎಂದು ಆಪ್‌ನವರು ನಮ್ಮ ಅಂಗಡಿಯನ್ನೇ ಮುಚ್ಚಿಟ್ಟರು. ತೆರೆಸಲು ಮಾತಾಡಬೇಕೆಂದರೆ ಮನುಷ್ಯರೇ ಸಿಗಲಿಲ್ಲ. ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುವ ಹೆಂಗಸಿನ ದನಿ. ಅತ್ತೆ ಅದಕ್ಕೂ "ನೋಡವ್ವಾ, ಸ್ವಲ್ಪ ಕೇಳವ್ವಾ" ಎನ್ನುತ್ತಿದ್ದಳು.

ಶೆಡ್ಡು ನಿಂತಿತು. ಮೆಷಿನ್ನುಗಳ ಮೇಲೆ ಹಳೇ ಸೀರೆ ಹೊದಿಸಿದೆವು. ಇಬ್ಬರೂ ಗಂಗಾಧರಪ್ಪನ ಯೂನಿಟ್ಟಿಗೆ ಕೂಲಿಗೆ ಸೇರಿದೆವು. ಅತ್ತೆಯ ಮಂಡಿ ಹೋಗಿತ್ತು, ಪೆಡಲು ಒತ್ತಲು ಆಗುತ್ತಿರಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು ದಾರ ಕತ್ತರಿಸುತ್ತಿದ್ದಳು.

ಅಲ್ಲಿಗೇ ಆ ಸ್ಯಾಂಪಲ್ ಬಂತು. ಕಂಪನಿಯವರು ತಮ್ಮ ಬ್ರ್ಯಾಂಡನ್ನು ಹೊಲಿಸಲು ರಾಯದುರ್ಗಕ್ಕೇ ಆರ್ಡರ್ ಕೊಟ್ಟಿದ್ದರು. ಇಲ್ಲಿ ಕೂಲಿ ಅಗ್ಗ. ಅವರು ಮಡಿಕೆ ಕದ್ದಿದ್ದರು, ಅಳತೆ ಕದ್ದಿದ್ದರು. ಈ ಸಲ ಕಿವಿಯನ್ನೂ ಅಲಂಕಾರ ಎಂದು ತಿಳಿದು ಜೊತೆಗೆ ಒಯ್ದಿದ್ದರು. ಅದು ಒಡೆಯನ ಗುರುತು ಎಂದು ಅವರಿಗೆ ತಿಳಿದಿರಲಿಲ್ಲ.

ಊಟದ ಹೊತ್ತಿಗೆ ನಾನು ಪ್ಯಾಂಟನ್ನು ಅತ್ತೆಯ ತೊಡೆಯ ಮೇಲೆ ಹಾಕಿದೆ.

ಅವಳು ಕಿವಿಯ ಮೇಲೆ ಹೆಬ್ಬೆರಳು ಆಡಿಸಿದಳು. ಕಚ್ಚು ಮುಟ್ಟಿದಳು. ಸೀಳು ಮುಟ್ಟಿದಳು. ಆಮೇಲೆ ಓರೆಯಾಗಿ ಕೈ ಹಾಕಿ ಒಳಗಿನ ಸಂಚಿ ನೋಡಿದಳು.

"ಹೊಲಿಗಿ ಚಂದ ಹಾಕ್ಯಾರ" ಎಂದಳು.

ಬುತ್ತಿ ಮುಚ್ಚಿಟ್ಟಳು. ಅವತ್ತು ಉಣ್ಣಲಿಲ್ಲ.

ಸುದ್ದಿ ತಿಳಿದು ಜಗದೀಶ್ ಸಂಜೆ ಮನೆಗೆ ಓಡಿ ಬಂದ. ಅವನ ಹಾಗೆ ಮುಳುಗಿದ ವ್ಯಾಪಾರಿಗಳು ಬೇರೆ ಊರಲ್ಲೂ ಇದ್ದರು. ಎಲ್ಲರೂ ಸೇರಿ ದಿಲ್ಲಿಗೆ ದೂರು ಕೊಟ್ಟಿದ್ದರು. ಅಲ್ಲೊಂದು ಆಯೋಗವಿದೆಯಂತೆ. ದೊಡ್ಡ ಕಂಪನಿಗಳು ತಮ್ಮ ಬಲದಿಂದ ಸಣ್ಣವರನ್ನು ಮಾರುಕಟ್ಟೆಯಿಂದ ಹೊರಗೆ ಹಾಕದಂತೆ ನೋಡಿಕೊಳ್ಳುವುದು ಅದರ ಕೆಲಸವಂತೆ.

"ನೋಡು ಮೈಲಾರಕ್ಕ" ಎಂದ ಜಗದೀಶ್. "ಸಂತಿ ನಡಸಾವ ಅವನ. ಅದ ಸಂತ್ಯಾಗ ಅಂಗಡಿ ಇಟ್ಟಾವನೂ ಅವನ. ನಮ್ಮ ಅಂಗಡಿ ಮುಂದ ಯಾರು ನಿಂತ್ರು, ಏನು ಮುಟ್ಟಿ ನೋಡಿದ್ರು, ಯಾವ ಊರಿಗೆ ಯಾವ ಸೈಜು ಹೋತು, ಎಲ್ಲಾ ಅವಗ ಕಾಣತೈತಿ. ಓಡೂ ಮಾಲು ನೋಡಿ ತಾನ ಹೊಲಸ್ತಾನ. ಆಮ್ಯಾಲ ನಮ್ಮ ಅಂಗಡೀನ ಎತ್ತಿ ಸ್ಮಶಾನದ ಕಡೆ ಇಡತಾನ. ಹಂಗ ಮಾಡಬಾರದು ಅಂತ ಕಾನೂನ ಐತಿ."

"ಸ್ಮಶಾನದ ಕಡಿಗೂ ಗಿರಾಕಿ ಬರ್ತಾರ ಬಿಡಪಾ" ಎಂದಳು ಅತ್ತೆ. "ವಾಪಸ್ ಮಾತ್ರ ಹೋಗಂಗಿಲ್ಲ."

ಜಗದೀಶ್ ನಗಲಿಲ್ಲ. "ತನಿಖಿ ಸಾಹೇಬ್ರು ಇಲ್ಲಿಗೇ ಬರ್ತಾರಂತ. ಇದು ನಂದು ಅಂತ ನೀ ಒಂದು ಮಾತು ಹೇಳಬೇಕು. ಕಿವಿ ಐತಲ್ಲ, ಇದಕ್ಕಿಂತ ಗುರುತು ಬೇಕೇನು?"

"ಹೇಳಿದ್ರ ಏನು ಕೊಡ್ತಾರ?"

"ಏನು ಕೊಡ್ತಾರೋ ಬಿಡ್ತಾರೋ. ನಿಂದು ಅಂತ ಬರಕೊಂತಾರ."

ಅತ್ತೆ ಬಹಳ ಹೊತ್ತು ಹೊದಿಸಿಟ್ಟ ಮೆಷಿನ್ನುಗಳ ಕಡೆ ನೋಡಿದಳು. "ಬರಕೊಂಡ್ರ ಸಾಕು" ಎಂದಳು. "ಹೇಳ್ತೀನಿ."

ಅವಳು ಕೇಳಿದ್ದು ಅಷ್ಟೇ.

ಆರ್ಡರಿನ ಪ್ಯಾಂಟುಗಳನ್ನು ಹೊಲಿದೆವು. ನಾನೂ ಹೊಲಿದೆ. ನಮ್ಮ ಕಿವಿಯನ್ನು ನಾನೇ ಕೂಲಿಗೆ ಹೊಲಿದೆ. ಅವು ವಾಷಿಂಗಿಗೆ ಹೋಗಿ ಮಸುಕು ನೀಲಿಯಾಗಿ ಬಂದು ಗೋಡೆಯೆತ್ತರಕ್ಕೆ ಬಿದ್ದಿದ್ದವು. ಲಾರಿ ಬರುವುದಿತ್ತು. ಆಗ ಗಂಗಾಧರಪ್ಪ ಕರೆಂಟು ಆಫ್ ಮಾಡಿಸಿದ. ಮೆಷಿನ್ನುಗಳ ಸದ್ದು ನಿಂತಿತು.

"ಕಂಪನಿಯಿಂದ ಫೋನ್ ಬಂದೈತಿ. ಈ ಪೀಸಿನ ಮ್ಯಾಲಿನ ಕಿವಿ ಎಲ್ಲಾ ಬಿಚ್ಚಬೇಕು. ಲಾರಿ ಬರೂದ್ರಾಗ ಒಂದೂ ಉಳೀಬಾರದು."

"ಹಚ್ಚಬೇಕಾದ್ರ ಒಂದು ಎಳಿ ತಪ್ಪಬಾರದು ಅಂದ್ರಿ" ಎಂದಳು ತಿಪ್ಪಕ್ಕ. "ಈಗ ಯಾಕ್ರಿ ಬಿಚ್ಚೂದು?"

"ಯಾಕ ಅಂತ ಕೇಳಾಕ ನಾ ಯಾವ ದೊರಿ? ಬಿಚ್ಚು ಅಂದ್ರ ಬಿಚ್ಚೂದು."

ಯಾಕೆ ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಜಗದೀಶ್ ದೂರಿಗೆ ಸೇರಿಸಿ ಕಳಿಸಿದ ಕಿವಿಯ ಫೋಟೋ ದಿಲ್ಲಿಯಿಂದ ಕಂಪನಿಗೆ ಹೋಗಿತ್ತು.

ಗಂಗಾಧರಪ್ಪ ಅತ್ತೆಯ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತ. ದನಿ ಇಳಿಸಿದರೂ ಎಲ್ಲರಿಗೂ ಕೇಳುತ್ತಿತ್ತು.

"ಮೈಲಾರಕ್ಕ, ನಿನ್ನ ಕಾಲು ಹಿಡೀತೀನಿ. ಆ ಜಗದೀಶನ ಮಾತು ಕೇಳಿ ಸಾಹೇಬ್ರ ಮುಂದ ಏನೂ ಹೇಳಬ್ಯಾಡ. ಈ ಆರ್ಡರ್ ಹೋತಂದ್ರ ನಾ ಶೆಟರ್ ಎಳೀಬೇಕು. ನನಗ ಬ್ಯಾರೆ ಯಾರು ಆರ್ಡರ್ ಕೊಡ್ತಾರ? ಊರಾಗ ಈಗ ಅವರೊಬ್ಬರ ಉಳದಾರ. ನನ್ನ ಬಿಡು. ಇವರನ್ನ ನೋಡು."

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದ. ಒಬ್ಬಳಿಗೆ ದಿನ ತುಂಬಿತ್ತು. ತಿಪ್ಪಕ್ಕನ ಮಗಳು ಅನಂತಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು.

ಅತ್ತೆ ಕೈ ಚಾಚಿದಳು. ಗಂಗಾಧರಪ್ಪ ಅವಳ ಕೈಗೆ ಅರ್ಧ ಬ್ಲೇಡು ಕೊಟ್ಟ. ಅವಳು ಮೇಲಿನ ಪ್ಯಾಂಟನ್ನು ಎಳೆದುಕೊಂಡು ಕಿವಿಯ ತುದಿಯ ಕೆಳಗೆ ಬ್ಲೇಡು ತೂರಿಸಿದಳು. ದಾರ ಚಟ್ ಎಂದಿತು.

ಅದು ಎಲ್ಲರಿಗೂ ಅಪ್ಪಣೆಯಾಯಿತು. ಸುತ್ತಲೂ ಚಟ್ ಚಟ್ ಶುರುವಾಯಿತು. ನೆಲದ ಮೇಲೆ ಕಿತ್ತಳೆ ದಾರದ ಚೂರು ಬೀಳತೊಡಗಿದವು.

ನನ್ನ ಕೈಗೂ ಬ್ಲೇಡು ಬಂತು. ಪ್ಯಾಂಟು ಬಂತು. ನಾನು ಕಿವಿಯನ್ನು ನೋಡಿದೆ. ಸಂತೆಯಲ್ಲಿ ಅಪ್ಪನ ಪಂಚೆಗೆ ಒತ್ತಿದ ಆ ಮುಖ ಕಣ್ಣ ಮುಂದೆ ಬಂತು. ಇಷ್ಟು ದಿನ ಕದ್ದವರು ಕೊಯ್ಯುತ್ತಿದ್ದರು. ಈಗ ಕಳಕೊಂಡವರ ಕೈಯಲ್ಲೇ ಕೊಯ್ಯಿಸುತ್ತಿದ್ದರು. ಅದಕ್ಕೂ ಕೂಲಿಯಿತ್ತು.

ಬ್ಲೇಡನ್ನು ನೆಲದ ಮೇಲಿಟ್ಟೆ.

"ನಾನು ಬಿಚ್ಚಲ್ಲ."

ಗಂಗಾಧರಪ್ಪನಿಗೆ ಮೊದಲು ಯಾರು ಮಾತಾಡಿದರೆಂದು ತಿಳಿಯಲಿಲ್ಲ. ತಿಳಿದ ಮೇಲೆ, "ಬಾಯಿ ಬಂತಲ್ಲವ್ವಾ ನಿನಗ. ಇಷ್ಟು ವರ್ಷ ಇಲ್ಲದ್ದು ಇವತ್ತ ಬರಬೇಕಿತ್ತೇನು?" ಎಂದ.

"ಕದ್ದ ಕುರಿ ಕಿವಿ ನಾನು ಕೊಯ್ಯಲ್ಲ."

"ಇಲ್ಲಿ ಎಲ್ಲೆದಾವ ಕುರಿ? ಪ್ಯಾಂಟ್ ಅದಾವ. ಬಿಚ್ಚತಿ ಬಿಚ್ಚು, ಇಲ್ಲಾ ಎದ್ದು ನಡಿ."

ಎದ್ದೆ. ಕಾಲು ಜೋಮು ಹಿಡಿದಿತ್ತು. ಬಾಗಿಲ ಹತ್ತಿರ ಬಂದಾಗ ಅವನು ಹಿಂದಿನಿಂದ ಕೂಗಿದ: "ಹಂಗ ಬಿಡಬ್ಯಾಡ್ರಿ. ಒಂದು ಪೀಸು ಒಯ್ದು ಆ ಜಗದೀಶಗ ಕೊಟ್ಟಾಳು. ತಿಪ್ಪಕ್ಕ, ಚೆಕ್ ಮಾಡು."

ತಿಪ್ಪಕ್ಕ ಬಂದಳು. ನನ್ನ ಮುಖ ನೋಡಲಿಲ್ಲ. "ಕೈ ಮ್ಯಾಲೆತ್ತವ್ವಾ" ಎಂದಳು. ಕಂಕುಳಡಿ ಮುಟ್ಟಿದಳು. ಸೊಂಟ ಸವರಿದಳು. ಚೂಡಿದಾರದ ಅಂಚು ಎತ್ತಿ ನೋಡಿದಳು. ಗಂಡಸರು ಕಟಿಂಗ್ ಟೇಬಲ್ಲಿನಿಂದ ನೋಡುತ್ತಿದ್ದರು. ಬುತ್ತಿ ಡಬ್ಬಿ ತೆಗೆಸಿದಳು. ಮುದ್ದೆ ಇತ್ತು. ಗಂಗಾಧರಪ್ಪ ಅಲ್ಲಿಂದಲೇ, "ಅದನ್ನೂ ಮುರದು ನೋಡು" ಎಂದ. ಅವಳು ಮುದ್ದೆ ಮುರಿದಳು. ಅವಳ ಬೆರಳಿನ ನೀಲಿ ಮುದ್ದೆಗೆ ಹತ್ತಿತು.

"ಏನೂ ಇಲ್ರಿ" ಎಂದಳು. ನನಗೆ ಮಾತ್ರ ಕೇಳುವಂತೆ, "ತಪ್ಪು ತಿಳೀಬ್ಯಾಡ ನನ್ನವ್ವಾ" ಎಂದಳು.

ನಾನು ಅತ್ತೆಯ ಕಡೆ ತಿರುಗಿದೆ. ಅವಳು ತಲೆ ಎತ್ತಲಿಲ್ಲ. ಅವಳ ಮಡಿಲ ತುಂಬ ಕಿತ್ತಳೆ ದಾರ.

ಸಂಜೆ ಅವಳು ಬಂದಾಗ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಬ್ಲೇಡು ತಾಗಿತ್ತು. ನಾನು ಅನ್ನಕ್ಕಿಟ್ಟಿದ್ದೆ. ಒಲೆಯ ಮುಂದೆಯೇ ಕೂತಳು.

"ಸಾಹೇಬ್ರು ಬಂದಾಗ ನಂದಲ್ಲ ಅಂತೀನಿ" ಎಂದಳು.

"ಯಾಕತ್ತೆ ಹಂಗಂತೀಯ?"

"ನೀನೂ ನೋಡಿದೆಲ್ಲ. ಅಷ್ಟೂ ಮಂದಿ ಕಣ್ಣು ನನ್ನ ಮ್ಯಾಲಿದ್ವು."

"ಕದ್ದೋರು ಅವರು. ನಮ್ಮೋರ ಕಣ್ಣಿಗೆ ನೀನ್ಯಾಕೆ ಹೆದರ್ತೀಯ?"

"ಕದ್ದಾವ್ರು ಎಲ್ಲೆದಾರ ತೋರಸು. ಒಂದು ಮುಖ ತೋರಸು. ನನಗ ಕಾಣೂದು ತಿಪ್ಪಿ, ಅವಳ ಮಗಳು." ಕಟ್ಟಿಗೆಯನ್ನು ಒಲೆಯೊಳಗೆ ನೂಕಿದಳು. "ಆ ಕುರಿ ಬಿಟ್ಟು ಬಂದ ದಿನ ನಿಮ್ಮಪ್ಪ ಏನಂದ ಗೊತ್ತೇನು? ಜೀವಂತ ಐತಲ್ಲ, ಯಾರ ಮನೇಲಾದ್ರೂ ಮೇಯ್ಲಿ ಬಿಡು ಅಂದ. ನಾನೂ ಹಂಗ ಅನಕೊಂತೀನಿ."

"ಅಪ್ಪ ಅವತ್ತು ರಾತ್ರಿಯೆಲ್ಲ ಅತ್ತ" ಎಂದೆ.

"ನಾ ಅಳೂದಿಲ್ಲಂತ ನಿನಗ ಯಾರು ಹೇಳಿದ್ರು?" ಎಂದಳು.

ಲಾರಿ ಬಂತು, ಹೋಯಿತು. ಆ ಪ್ಯಾಂಟುಗಳು ಊರೂರಿಗೆ ಹೋದವು. ನಿಮ್ಮ ಮನೆಯಲ್ಲೂ ಒಂದು ಇರಬಹುದು. ಇದ್ದರೆ ಬಲಜೇಬಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ದಾರವಿದ್ದ ಜಾಗಕ್ಕೆ ವಾಷಿಂಗಿನ ನೀರು ಪೂರ್ತಿ ಹತ್ತುವುದಿಲ್ಲ. ದಾರ ಬಿಚ್ಚಿದರೂ ಅದರ ಅಡಿಯ ಬಟ್ಟೆ ಕಡುನೀಲಿಯಾಗಿ ಉಳಿಯುತ್ತದೆ. ಸುತ್ತ ಮಸುಕು, ನಡುವೆ ಕಪ್ಪಗೆ ಒಂದು ಕಿವಿ. ಕಚ್ಚು ಕಾಣುತ್ತದೆ. ಸೀಳೂ ಕಾಣುತ್ತದೆ. ಜೀನ್ಸು ಬಲ್ಲವರಿಗೆಲ್ಲ ಇದು ಗೊತ್ತಿರುವುದೇ. ಗಂಗಾಧರಪ್ಪನಿಗೂ ಗೊತ್ತಿತ್ತು. ಆದರೆ ಬಿಚ್ಚು ಎಂದರು, ಬಿಚ್ಚಿಸಿದ.

ತನಿಖೆಯವರು ಬಂದರು. ಊರಿನ ಗೆಸ್ಟ್ ಹೌಸಿನಲ್ಲಿ ಕೂತಿದ್ದರು. ಮುಖ್ಯ ಅಧಿಕಾರಿ ಒಬ್ಬ ಹೆಂಗಸು, ಹೈದರಾಬಾದಿನ ಕಡೆಯವಳು. ತೆಲುಗಿನಲ್ಲಿ ಮಾತಾಡಿದಳು. ಜಗದೀಶ್ ಆಪ್‌ನಿಂದ ತರಿಸಿದ ಕಂಪನಿಯ ಪ್ಯಾಂಟು ಮೇಜಿನ ಮೇಲಿತ್ತು. ಅತ್ತೆಗೆ ಕುರ್ಚಿ ಹಾಕಿಸಿದರು. ನಾನು ಗೋಡೆಗೆ ಒರಗಿ ನಿಂತೆ. ನನ್ನ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲವಿತ್ತು.

"ಹೆದರಬೇಡಿ ಅಮ್ಮಾ" ಎಂದಳು ಅಧಿಕಾರಿ. "ಈ ಜೇಬು ನಿಮ್ಮ ಕಲ್ಪನೆಯಾ?"

ಅತ್ತೆ ಮೇಜಿನ ಕಡೆ ನೋಡಲಿಲ್ಲ. "ಅಲ್ಲ" ಎಂದಳು.

ಜಗದೀಶ್ ಅವಳ ಕಡೆ ಬಾಗಿದ. "ಮೈಲಾರಕ್ಕ, ಏನಂತಿ? ನನ್ನ ಮುಖ ನೋಡು."

"ನಂದಲ್ಲಪ್ಪ."

ಅಧಿಕಾರಿ ತಾಳ್ಮೆಯಿಂದ ಮತ್ತೆ ಕೇಳಿದಳು. "ದೂರಿನ ಫೋಟೋದಲ್ಲಿ ಕಿವಿಯಂಥ ಗುರುತು ಇದೆ. ಈ ಪ್ಯಾಂಟಿನಲ್ಲಿ ಇಲ್ಲ. ಗುರುತು ಎಲ್ಲಿದೆ?"

ಅದೇ ಮಾತು. ಸಂತೆಯಲ್ಲಿ ಅಪ್ಪನಿಗೆ ಕೇಳಿದ ಅದೇ ಮಾತು. ಅವಳು ಕೆಟ್ಟವಳಲ್ಲ, ಅವಳ ಕೆಲಸ ಕೇಳುವುದು.

ನಾನು ಗೋಡೆ ಬಿಟ್ಟೆ. ಚೀಲದಿಂದ ಪ್ಯಾಂಟು ತೆಗೆದೆ. ಅತ್ತೆ ಸರಿಯಾಗಿ ಹೊಲಿದ ಮೊದಲನೆಯ ಸಂಚಿ ಪ್ಯಾಂಟು, ನನಗೆಂದು ಕೊಟ್ಟಿದ್ದು. ಅದನ್ನು ಕಂಪನಿಯ ಪ್ಯಾಂಟಿನ ಪಕ್ಕ ಹರಡಿದೆ. ಜೇಬಿಗೆ ಜೇಬು ತಂದೆ. ಕಿತ್ತಳೆ ಕಿವಿಯ ಪಕ್ಕ ಕಪ್ಪು ಕಿವಿ.

"ಇಲ್ಲೈತೆ ಮೇಡಂ" ಎಂದೆ. ನನ್ನ ತೆಲುಗು ನಡುಗುತ್ತಿತ್ತು. "ದಾರ ಇದ್ದ ಜಾಗ ಇದು. ಇದು ನಮ್ಮ ಮನೆ ಗುರುತು. ಬಿಚ್ಚಿದವರು ನಾವು. ಬಿಚ್ಚಿಸಿದವರು ಅವರು."

ಅಧಿಕಾರಿ ಎದ್ದು ನಿಂತು ನೋಡಿದಳು. ಪಕ್ಕದವನಿಂದ ಫೋಟೋ ತೆಗೆಸಿದಳು. ಯಾವತ್ತು ಬಿಚ್ಚಿದಿರಿ, ಯಾರು ಹೇಳಿದರು ಎಂದು ಕೇಳಿದಳು. ನಾನು ಎಲ್ಲ ಹೇಳಿದೆ. ಹುಟ್ಟಿದಾಗಿನಿಂದ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಕೊನೆಗೆ ಅವಳು ಅತ್ತೆಯ ಕಡೆ ತಿರುಗಿದಳು.

"ಅಮ್ಮಾ, ನಿಮ್ಮ ಸೊಸೆ ಹೇಳುವುದು ನಿಜವಾ? ಇದು ನಿಮ್ಮದಾ?"

ಅತ್ತೆ ಆಗ ಮೇಜಿನ ಕಡೆ ನೋಡಿದಳು. ಬ್ಲೇಡಿನ ಕಲೆ ಉಳಿದಿದ್ದ ಹೆಬ್ಬೆರಳು ಆ ಕಪ್ಪು ಕಿವಿಯವರೆಗೆ ಹೋಯಿತು. ಮುಟ್ಟಲಿಲ್ಲ. ಹಿಂದಕ್ಕೆ ಬಂತು.

"ಹುಡುಗಿ ಸಣ್ಣಾಕಿ" ಎಂದಳು. "ಆಕಿಗೇನು ತಿಳೀತೈತಿ."

ಗೋಡೆ ಹಿಡಿದುಕೊಂಡು ಎದ್ದು ಹೊರಗೆ ಹೋದಳು. ಅಧಿಕಾರಿ ಇಬ್ಬರ ಮಾತನ್ನೂ ಬರೆಸಿಕೊಂಡಳು.

ಆಮೇಲಿನದು ನೀವು ಊಹಿಸಬಹುದಾದದ್ದೇ. ಕಂಪನಿ ಗಂಗಾಧರಪ್ಪನಿಗೆ ಆರ್ಡರ್ ನಿಲ್ಲಿಸಿತು. ಕಾರಣ ಹೇಳಲಿಲ್ಲ. ಶೆಟರ್ ಬಿತ್ತು. ನಮ್ಮ ಬಾಗಿಲಿಗೆ ಯಾರೋ ವಾಷಿಂಗಿನ ನೀಲಿ ನೀರು ಎರಚಿ ಹೋದರು. ನಲ್ಲಿಯ ಹತ್ತಿರ ಹೆಂಗಸರು ನನ್ನ ಕೊಡ ಸರಿಸಿ ತಮ್ಮದಿಟ್ಟರು. "ಬಂತಲ್ಲವ್ವಾ ಬಾಯಿ, ಈಗ ಅದನ್ನ ತಿನ್ನು" ಎಂದಳೊಬ್ಬಳು. ತಿಪ್ಪಕ್ಕ ಮಗಳನ್ನು ಕಾಲೇಜು ಬಿಡಿಸಿದಳು. ಅವಳು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅತ್ತೆ ಮೆಷಿನ್ನುಗಳನ್ನು ಮಾರಿದಳು. ಮಂಡಿ ನೋವಲ್ಲೇ ಬಸ್ಸು ಹತ್ತಿ ಅಮರಾಪುರದ ಕಡೆಗೆ, ಅಪ್ಪನ ಬಳಿಗೆ ಹೋದಳು. ಹುಟ್ಟಿದ ಮನೆಯ ಕುರಿ ಕಾಯಲು. ಹೋಗುವಾಗ ನನ್ನ ಜೊತೆ ಮಾತಾಡಲಿಲ್ಲ. ಎಲೆಯಡಿಕೆ ಸಂಚಿಯನ್ನು ನನ್ನ ಹಾಸಿಗೆಯ ಮೇಲಿಟ್ಟು ಹೋಗಿದ್ದಳು. ಬಿಚ್ಚಿದ ಹೊಲಿಗೆ ಬಿಚ್ಚಿದ ಹಾಗೆಯೇ ಇತ್ತು.

ನಾನು ಬೆಂಗಳೂರಿನ ಗಾರ್ಮೆಂಟ್ಸಿಗೆ ಬಂದೆ. ಇಲ್ಲಿ ನನ್ನದು ಕಾಲರ್ ಕೂರಿಸುವ ಕೆಲಸ. ಬೆಳಿಗ್ಗೆ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಬರುತ್ತೇನೆ. ಪಕ್ಕದ ಹುಡುಗಿಯರ ಪ್ಯಾಂಟಿನಲ್ಲಿ ಕೆಲವು ಸಲ ಆ ಕಪ್ಪು ಕಿವಿ ಕಾಣುತ್ತದೆ. ಕಂಡ ದಿನ ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದುಬಿಡುತ್ತೇನೆ.

ವರ್ಷಗಳು ಹೋದವು. ಒಂದು ದಿನ ಊಟದ ಹೊತ್ತಿಗೆ ಜಗದೀಶನ ಫೋನು ಬಂತು. ಅವನೀಗ ಅಂಗಡಿ ಮುಚ್ಚಿ ಅದೇ ಆಪ್‌ನ ಪಾರ್ಸೆಲ್ ಹಂಚುವ ಕೆಲಸಕ್ಕೆ ಹೋಗುತ್ತಾನೆ. ಬೇರೆ ಕೆಲಸ ಸಿಕ್ಕಿಲ್ಲ.

"ಗೆದ್ವಿ ವಾಣಿ" ಎಂದ. "ಕಂಪನಿ ತಪ್ಪು ಮಾಡೈತಿ ಅಂತ ಆಯೋಗದವ್ರು ಹೇಳ್ಯಾರ. ದೊಡ್ಡ ದಂಡ ಹಾಕ್ಯಾರ."

"ಇನ್ನ ಮೇಲೆ ಅವರು ಹಂಗೆ ಮಾಡಂಗಿಲ್ವ?"

"ಅವರು ಮ್ಯಾಲಿನ ಕೋರ್ಟಿಗೆ ಹೋಗ್ಯಾರ. ಸದ್ಯಕ್ಕ ಸ್ಟೇ ಆಗೈತಿ."

"ಅತ್ತೆ ಹೆಸರು ಐತಾ ಅದ್ರಲ್ಲಿ?"

"ಹೆಸರು ಯಾರದೂ ಹಾಕಿಲ್ಲವ್ವಾ. ಒಬ್ಬರು ಸಣ್ಣ ಮಾರಾಟಗಾರರು ಅಂತ ಐತಿ. ಕಿವಿ ವಿಷಯ ಬರದಾರ."

ಅತ್ತೆಗೆ ಫೋನು ಮಾಡಿದೆ. ಅವಳು ಹೋದ ಮೇಲೆ ನಾನು ಮಾಡಿದ್ದೇ ಇಲ್ಲ. ಅಪ್ಪ ಎತ್ತಿ, ಯಾರೆಂದು ಹೇಳದೆ ಅವಳ ಕೈಗೆ ಕೊಟ್ಟ. ಹಿಂದೆ ಕುರಿಗಳ ಸದ್ದಿತ್ತು. ಒಂದು ಮರಿ ಜೋರಾಗಿ ಅರಚುತ್ತಿತ್ತು.

"ಮರಿಗಳಿಗೆ ಕಿವಿ ಕೊಯ್ಯಾಕ ಹತ್ತೀವಿ" ಎಂದಳು. "ಯಾರು?"

"ವಾಣಿ ಕಣತ್ತೆ."

ಅವಳು ಫೋನು ಇಡಲಿಲ್ಲ. ನಾನು ಎಲ್ಲ ಹೇಳಿದೆ. ತಪ್ಪು ಅಂತ ಆಗಿದೆ ಎಂದೆ. ಸ್ಟೇ ಎಂದರೆ ಏನೆಂದು ಹೇಳಿದೆ. ಹೆಸರಿಲ್ಲ ಎಂಬುದನ್ನೂ ಹೇಳಿದೆ. ಮರಿಯ ಅರಚಾಟ ನಿಧಾನವಾಗಿ ನಿಂತಿತು. ಕಾರ್ಖಾನೆಯಲ್ಲಿ ಊಟ ಮುಗಿದ ಸೈರನ್ನು ಕೂಗಿತು. ಸೂಪರ್‌ವೈಸರ್ ನನ್ನ ಕಡೆ ಕೈ ಬೀಸಿದ.

"ಅತ್ತೆ, ಇದ್ದೀಯ?"

"ಅವತ್ತು ಆ ಮೇಡಮ್ಮು ಕೇಳಿದ್ಲಲ್ಲ" ಎಂದಳು. "ಇದು ನಿಮ್ಮದಾ ಅಂತ."

"ಹೂಂ."

ಸೂಪರ್‌ವೈಸರ್ ಮತ್ತೆ ಕೈ ಬೀಸಿದ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ನಂದು" ಎಂದಳು.

ನಾನು ಮೆಷಿನ್ನಿಗೆ ಹೋಗಿ ಕೂತೆ.